ಇಪ್ಪತ್ತು ವರ್ಷ ಬಾಳುವ ನೆಲ

ನಮ್ಮ ಮನೆಯ ನೆಲದ ವಿಷಯದಲ್ಲಿ ಇನ್ನು ಮುಂದೆ ಯಾರೂ ತಲೆ ಹಾಕಕೂಡದು, ಅದು ಪೂರ್ತಿಯಾಗಿ ನನ್ನ ಇಲಾಖೆ ಎಂದು ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಕುಳಿತು ನಾನು ಘೋಷಿಸಿದೆ. ಘೋಷಣೆಗೆ ತಕ್ಕ ಗಾಂಭೀರ್ಯ ಇರಲೆಂದು ಎಡಗೈಯಿಂದ ಮೀಸೆಯನ್ನೂ ತೀಡಿದೆ. ಆಗಿನ್ನೂ ನನಗೆ ಮೀಸೆ ಇತ್ತು!

ನನ್ನ ಹೆಂಡತಿ ವಿಮಲ ಚಟ್ನಿ ಬಡಿಸುತ್ತಾ ಕೇಳಿದಳು. "ಯಾವ ನೆಲ?"

"ಚಾವಡಿ ನೆಲ."

"ಅದಕ್ಕೆ ಎರಡು ಚಟ್ಟಿ ಸಿಮೆಂಟು ಕಲಸಿ ಗುಂಡಿ ಮುಚ್ಚಿದ್ರೆ ಮುಗೀತಲ್ಲ. ಮೇಲೆ ಚಾಪೆ ಹಾಸಿದ್ರಾಯ್ತು."

"ಚಾಪೆ!" ಎಂದು ನಾನು ಗುಡುಗಿದೆ. "ಚಾಪೆ ಎನ್ನುವುದು ಸೋತವನ ಹಾಸಿಗೆ!"

"ಇಡ್ಲಿ ಆರ್ತಾ ಉಂಟು," ಎಂದಳು ವಿಮಲ.

ನಾವು ಪನಮರಂ ಹತ್ತಿರದ ಜೈನರು. ನಮ್ಮ ಹಿರಿಯರು ಕರ್ನಾಟಕದಿಂದ ಕಾಡು ದಾಟಿ ಬಂದು ಎಷ್ಟು ತಲೆಮಾರು ಆಯಿತೆಂದು ಎಣಿಸಿದವರಿಲ್ಲ. ಹೊರಗೆ ಮಲಯಾಳ, ಒಳಗೆ ಕನ್ನಡ, ತೋಟದಲ್ಲಿ ಕಾಫಿ, ಕಾಫಿಯ ನಡುವಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಮನೆಯ ಮುಂದೆ ನನ್ನ ಅಪ್ಪ ಕಟ್ಟಿಸಿದ ಉದ್ದನೆಯ ಚಾವಡಿ ಇದೆ. ಅದಕ್ಕೆ ಕಾಂಕ್ರೀಟ್ ನೆಲ. ನಲವತ್ತು ವರ್ಷ ಕಾಫಿ ಮೂಟೆ ಎಳೆದೂ ಎಳೆದೂ ಆ ನೆಲ ಸಿಡುಬು ಎದ್ದವರ ಮುಖದಂತೆ ಆಗಿತ್ತು.

ನಾನು ಸುಮ್ಮನೆ ಹಟ ಹಿಡಿದವನಲ್ಲ. ವಿಮಲ ಒಂಬತ್ತು ವರ್ಷ ಬಿಡದೆ ಹಿಡಿದ ನೋಂಪಿ ವ್ರತ ಈ ಫಾಲ್ಗುಣಕ್ಕೆ ಮುಗಿಯುವುದಿತ್ತು. ಮುಗಿಸುವ ದಿನ ಉದ್ಯಾಪನೆ, ಪೂಜೆ, ಆಮೇಲೆ ನಮ್ಮವರೆಲ್ಲರಿಗೂ ನಮ್ಮ ಚಾವಡಿಯಲ್ಲೇ ಊಟ. ಅರುವತ್ತು ಜನ ಸಾಲಾಗಿ ನೆಲದ ಮೇಲೆ ಕೂರುತ್ತಾರೆ. ಎಲೆಯ ಮುಂದೆ ಕುಳಿತವನಿಗೆ ಬಡಿಸುವವರು ಬರುವ ತನಕ ನೆಲವಲ್ಲದೆ ಬೇರೇನು ಕಾಣುತ್ತದೆ ಹೇಳಿ?

ಇನ್ನೊಂದು ಗುಟ್ಟೂ ಉಂಟು. ಹೋದ ವರ್ಷ ವಿಮಲನ ತಮ್ಮ ರಾಜೇಶ ವೆಳ್ಳಮುಂಡದಲ್ಲಿ ಹೊಸ ಮನೆ ಕಟ್ಟಿ ಟೈಲ್ಸ್ ಹಾಕಿಸಿದ. ಗೃಹಪ್ರವೇಶದ ದಿನ ಬಂದವರೆಲ್ಲ ಆ ಟೈಲ್ಸನ್ನು ಬಗ್ಗಿ ಬಗ್ಗಿ ನೋಡಿ ಹೊಗಳಿದ್ದೇ ಹೊಗಳಿದ್ದು! ನನ್ನ ಹೊಟ್ಟೆಯೊಳಗೆ ಹೋಳಿಗೆಯ ಜೊತೆ ಬೇರೆ ಏನೋ ಹೊತ್ತಿಕೊಂಡಿತು. ಇಡ್ಲಿ ಮುಂದಿನ ಘೋಷಣೆಯ ಮರುವಾರ ಬಸದಿಯಲ್ಲಿ ಪೂಜೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ, ಯಾರೂ ಕೇಳದಿದ್ದರೂ, ನಾನು ದೊಡ್ಡ ಗಂಟಲಿನಲ್ಲಿ ಹೇಳಿಬಿಟ್ಟೆ. "ಉದ್ಯಾಪನೆಗೆ ಬನ್ನಿ, ನೆಲ ಎಂದರೆ ಏನೆಂದು ತೋರಿಸುತ್ತೇನೆ. ಚಾಪೆ ಹಾಸುವುದಿಲ್ಲ. ಇಪ್ಪತ್ತು ವರ್ಷ ಅದರ ಮೇಲೆ ಒಂದು ಗುರುತೂ ಬೀಳುವುದಿಲ್ಲ!"

ನನ್ನ ಸೋದರತ್ತೆ ಶ್ಯಾಮಳತ್ತೆ, ನಮ್ಮ ಕಡೆಯ ಸಕಲ ಆಚಾರ ವಿಚಾರಗಳ ಸುಪ್ರೀಂ ಕೋರ್ಟು, ಕನ್ನಡಕ ಏರಿಸಿ "ನೋಡುವಾ" ಎಂದರು. ಆ ಒಂದು ಮಾತಿನಿಂದ ನನ್ನ ಮಾನ ಒತ್ತೆ ಬಿತ್ತು.

ಅಲ್ಲಿಂದ ಶುರುವಾಯಿತು ನನ್ನ ಸಂಶೋಧನೆ. ಕಾಂಕ್ರೀಟಿಗೆ ಮೇಲಿಂದ ಎರೆಯುವ ರಾಳದ ಲೇಪ ಎಂಬುದೊಂದು ಉಂಟೆಂದು ಫೋನಿನ ವೀಡಿಯೋದಲ್ಲಿ ಕಂಡಿದ್ದೆ. ಎರಡು ಡಬ್ಬಿಯ ದ್ರವ ಬೆರೆಸಿ ನೆಲಕ್ಕೆ ಸುರಿದರೆ ತಾನೇ ಹರಡಿ, ತಾನೇ ಸಮವಾಗಿ, ತಾನೇ ಕಲ್ಲಾಗುತ್ತದೆ! ಮೂರು ವಾರ ನಾನು ಬೇರೇನೂ ನೋಡಲಿಲ್ಲ. ಎಪಾಕ್ಸಿ, ಪಾಲಿಯುರೆಥೇನ್, ಪಾಲಿಆಸ್ಪಾರ್ಟಿಕ್! ಈ ಮೂರು ಹೆಸರುಗಳನ್ನು ನಾನು ಬೆಳಗಿನ ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದೆ. ಒಂದು ದಿನ ಜಪ ಮಾಡುತ್ತಾ ಕುಳಿತಾಗ ಎರಡನೆಯದು ಬಾಯಿಂದ ಜೋರಾಗಿ ಬಂದು ವಿಮಲ ದೇವರ ಮನೆಯಿಂದಲೇ ಕೆಮ್ಮಿದಳು.

ಮಾನಂತವಾಡಿಯ ಅಂಗಡಿಯಲ್ಲಿ ಜಿಷಾ ಎಂಬ ಹುಡುಗಿ ಇದ್ದಳು. ನನ್ನ ಪಾಂಡಿತ್ಯ ಕಂಡು ಬೆರಗಾಗುತ್ತಾಳೆಂದು ಮೂರೂ ಹೆಸರನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ಬೆರಗಾಗಲಿಲ್ಲ.

"ಚೇಟ್ಟಾ, ನೆಲ ಒಳಗೋ ಹೊರಗೋ?"

"ಒಳಗೆ."

"ಹಾಗಾದ್ರೆ ಎಪಾಕ್ಸಿ ಸಾಕು. ಹೊರಗೆ ಹಾಕಿದ್ರೆ ಬಿಸಿಲಿಗೆ ಹಳದಿ ಆಗ್ತದೆ. ಅಡಿಯಿಂದ ಈರ್ಪ ಬರ್ತದಾ? ತೇವ ಇದ್ರೆ ಎದ್ದು ಬರ್ತದೆ. ಒಂದು ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಅಡಿಯಲ್ಲಿ ನೀರು ಬೆವರಿದ್ರೆ ಮತ್ತೆ ಬನ್ನಿ."

ನಾನು ಹಾಳೆ ಅಂಟಿಸಿದೆ. ಮರುದಿನ ಮನೆಮಂದಿಯನ್ನೆಲ್ಲ ಸೇರಿಸಿ, ಅಂದರೆ ವಿಮಲನನ್ನು ಒಬ್ಬಳನ್ನೇ ಕರೆದು, ಅವಳೆದುರು ಹಾಳೆ ಎತ್ತಿದೆ. ಒಂದು ಹನಿ ಇಲ್ಲ! "ನೋಡಿದೆಯಾ, ನಮ್ಮಪ್ಪನ ನೆಲ!" ಎಂದೆ. "ನಿಮ್ಮಪ್ಪ ಹಾಕಿದ್ದು ಚೆನ್ನಾಗೇ ಉಂಟಲ್ಲ, ಮತ್ತೆ ಅದರ ಮೇಲೆ ನೀವು ಯಾಕೆ ಹಾಕ್ತೀರಿ?" ಎಂದಳು. ಹೆಂಗಸರಿಗೆ ವಿಜ್ಞಾನದ ಆನಂದ ಎಲ್ಲಿ ತಿಳಿಯುತ್ತದೆ!

ಆದರೆ ಅಂಗಡಿಯವರು ಸಾಕೆಂದದ್ದನ್ನು ಹಾಗೇ ಒಪ್ಪುವವನು ನಾನಲ್ಲ. ಮೂರು ಲೇಪಗಳ ಮಾದರಿಯನ್ನೂ ತಂದು ಅಂಗಳದ ಮೂರು ಸಿಮೆಂಟು ಹಲಗೆಗಳಿಗೆ ಹಚ್ಚಿ ಒಣಗಿಸಿದೆ. ಆಮೇಲೆ ಪರೀಕ್ಷೆ! ಮೊದಲು ಕಾಫಿ ಮೂಟೆ ಎಳೆದೆ. ಅರಿಶಿನ ಕಲಸಿ ಸುರಿದು ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಿದೆ. ಕಾದ ಬಾಣಲೆ ಇಟ್ಟೆ. ಕೊನೆಗೆ ಅಟ್ಟದ ಒನಕೆಯನ್ನು ಎದೆಯೆತ್ತರದಿಂದ ಬಿಟ್ಟೆ. ಎಪಾಕ್ಸಿ ಹಲಗೆಯ ಮೇಲೆ ಬಿದ್ದ ಒನಕೆ ಟಣ್ಣನೆ ಪುಟಿದು ನನ್ನ ಮೊಣಕಾಲಿಗೆ ಬಡಿಯಿತು. ಹಲಗೆಗೆ ಒಂದು ಗೀರೂ ಇಲ್ಲ!

"ಗೆದ್ದಿತು! ಎಪಾಕ್ಸಿ ಗೆದ್ದಿತು!" ಎಂದು ಒಂದೇ ಕಾಲಿನಲ್ಲಿ ಕುಣಿದೆ. ಇನ್ನೊಂದು ಕಾಲು ಕುಣಿಯುವ ಸ್ಥಿತಿಯಲ್ಲಿ ಇರಲಿಲ್ಲ.

"ಉದ್ಯಾಪನೆಗೆ ಬರುವವರು ಒನಕೆ ಹಿಡ್ಕೊಂಡು ಬರ್ತಾರಾ?" ಎಂದು ವಿಮಲ ಬಾಗಿಲಲ್ಲಿ ನಿಂತು ಕೇಳಿದಳು.

ಬಣ್ಣದ ವಿಷಯದಲ್ಲಿ ಮಾತ್ರ ಸಣ್ಣ ಚಕಮಕಿ ನಡೆಯಿತು.

"ಕಾವಿ ಬಣ್ಣ ಹಾಕ್ಸಿ. ಏನು ಬಿದ್ರೂ ಕಾಣಲ್ಲ," ಎಂದಳು ವಿಮಲ.

"ನನ್ನ ನೆಲದ ಮೇಲೆ ಏನೂ ಬೀಳುವುದೇ ಇಲ್ಲವಲ್ಲ! ಬಿಳಿ. ಕಾಫಿ ಹೂವಿನ ಬಿಳಿ!"

ಉದ್ಯಾಪನೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಬಾಲನ್ ಬಂದ. ಕೋಳಿಕ್ಕೋಡಿನ ಆಸ್ಪತ್ರೆಗಳಲ್ಲೆಲ್ಲ ಇಂಥ ನೆಲ ಹಾಕಿದ ಕೈ. ಮಲಯಾಳಿಯಾದರೂ ನಮ್ಮವರ ತೋಟಗಳ ನಡುವೆ ಬೆಳೆದವನಾದ್ದರಿಂದ ಕನ್ನಡ ಬಲ್ಲ. ಹಿಂದಿನ ಎರಡು ದಿನ ಯಂತ್ರದಿಂದ ನೆಲ ಉಜ್ಜಿ, ಗುಂಡಿ ಮುಚ್ಚಿ, ಮೊದಲ ಕೋಟು ಬಳಿದು ಹೋಗಿದ್ದ. ಆ ಬೆಳಿಗ್ಗೆ ಅಡಿಗೆ ಮೊಳೆ ಇರುವ ಚಪ್ಪಲಿ ಹಾಕಿಕೊಂಡು, ಎರಡು ಡಬ್ಬಿಯದನ್ನು ಬೆರೆಸಿ, ಸುರಿದು, ಹಲ್ಲಿನ ಕರಣೆಯಿಂದ ಎಳೆಯುತ್ತಾ ಹಿಂದೆ ಹಿಂದೆ ಬಂದ. ಹನ್ನೆರಡು ಗಂಟೆಗೆ ಹೊಸ್ತಿಲು ದಾಟಿ ಹೊರಬಂದಾಗ ಚಾವಡಿಯಲ್ಲಿ ಹಾಲಿನ ಕೆರೆ ತುಂಬಿತ್ತು!

"ಸಾರೇ, ಇದು ಈಗ ಹಾಲು. ನಾಳೆ ಕಲ್ಲು. ನಾಳೆ ಇದೇ ಹೊತ್ತಿನ ವರೆಗೆ ಯಾರೂ ಚವಿಟ್ಟಬಾರದು, ಕಾಲೇ ಇಡಬಾರದು. ಎಂತ ಆದ್ರೂ ನನ್ನ ವಿಳಿಚ್ಚಾ ಮದಿ, ಒಂದು ಫೋನ್ ಮಾಡಿ," ಎಂದು ಹೇಳಿ ಬಾಲನ್ ಮೊಳೆ ಚಪ್ಪಲಿಯನ್ನು ಸ್ಕೂಟರಿಗೆ ನೇತುಹಾಕಿಕೊಂಡು ಇನ್ನೊಂದು ಕೆಲಸಕ್ಕೆ ಹೋದ.

ನಾನು ಹೊಸ್ತಿಲಿನಲ್ಲಿ ಕುರ್ಚಿ ಹಾಕಿ ಕಾವಲು ಕುಳಿತೆ. ಏನು ಹೊಳಪು! ಪೂರ್ವದ ಗೋಡೆಯ ಮೇಲಿನ ಪಾರ್ಶ್ವನಾಥ ಸ್ವಾಮಿಯ ಪಟ ನೆಲದೊಳಗೂ ಕಾಣುತ್ತಿತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ತಕ್ಷಣ ರಾಜೇಶನಿಗೆ ವೀಡಿಯೋ ಕರೆ ಮಾಡಿ ಫೋನನ್ನು ಆರತಿಯ ಹಾಗೆ ಮೂರು ಸುತ್ತು ತಿರುಗಿಸಿದೆ.

"ಹೇಗುಂಟು?"

"ಚೆನ್ನಾಗುಂಟು ಭಾವ. ಜಾರುತ್ತದಾ?"

"ಜಾರುವವರು ಜಾರುತ್ತಾರೆ!" ಎಂದು ಫೋನು ಇಟ್ಟೆ.

ಮೂರು ಗಂಟೆಗೆ ವಿಮಲ ಕಾಫಿ ತಂದಳು. ಲೋಟ ನನ್ನ ಕೈಗೆ ಬರುವ ಮೊದಲೇ ಅವಳ ಕಣ್ಣು ಚಾವಡಿಯ ಆಚೆ ತುದಿಗೆ ಹೋಯಿತು.

"ನೋಡಿ, ಅಲ್ಲೇನು, ಕಿಟಕಿ ಕೆಳಗೆ ಕರಿ ಗೀಟು?"

"ಗೀಟೇ? ನನ್ನ ನೆಲದ ಮೇಲೆಯೇ?"

ಗೀಟು ನಡೆಯುತ್ತಿತ್ತು. ಇರುವೆಗಳು! ಪೂರ್ವದ ಕಿಟಕಿಯ ಕೆಳಗೆ ಗೋಡೆಯ ಬಿರುಕಿನಲ್ಲಿ ಅವುಗಳ ವಂಶಪಾರಂಪರ್ಯದ ಮನೆ. ಅಲ್ಲಿಂದ ಚಾವಡಿ ದಾಟಿ ಅಡುಗೆಮನೆಗೆ ಹೋಗುವುದು ಅವುಗಳ ರಾಜಮಾರ್ಗ. ವಿಮಲ ಒಂದು ದಿನವೂ ಅವುಗಳಿಗೆ ಅಡ್ಡಿ ಮಾಡಿದವಳಲ್ಲ, ನೆಲ ಗುಡಿಸುವಾಗಲೂ ಸಾಲು ದಾಟಿದ ಮೇಲೆಯೇ ಗುಡಿಸುತ್ತಿದ್ದಳು. ಎರಡು ದಿನ ಯಂತ್ರದ ಸದ್ದಿಗೆ ಹೆದರಿ ಒಳಗೆ ಕುಳಿತವು ಈಗ ಸದ್ದು ನಿಂತಿತೆಂದು ಹೊರಟಿದ್ದವು. ಅರ್ಧ ಒಣಗಿದ ಅಂಟಿನ ಮೇಲೆ ಮುಂದಿನವು ಸಿಕ್ಕಿ ಕಾಲು ಬಡಿಯುತ್ತಿದ್ದವು. ಕೆಲವಂತೂ ಶೂರರು, ಚಾವಡಿಯ ನಡುಭಾಗದ ತನಕ ಬಂದು ನಿಂತಿದ್ದವು. ಹಿಂದಿನವು ಹಿಂದೆ ಬರುತ್ತಲೇ ಇದ್ದವು.

ವಿಮಲನ ಮುಖ ಬಿಳಿಚಿತು. "ಒಂಬತ್ತು ವರ್ಷ ನೋಂಪಿ ಮಾಡಿದ್ದು ಇದಕ್ಕಾ? ಅಷ್ಟು ಜೀವ ನೆಲಕ್ಕೆ ಅಂಟಿ ಸತ್ತು, ಅದರ ಮೇಲೆ ಎಲೆ ಹಾಕಿ ಜನಕ್ಕೆ ಊಟ ಹಾಕೋದಾ? ನನಗೆ ಈ ಉದ್ಯಾಪನೆಯೇ ಬೇಡ!"

ಅವಳು ಅತ್ತದ್ದನ್ನು ನಾನು ಹೆಚ್ಚು ಸಲ ನೋಡಿದವನಲ್ಲ. ಇರುವೆಯೂ ಉಳಿಯಬೇಕು, ನೆಲವೂ ಉಳಿಯಬೇಕು, ನೋಂಪಿಯೂ ಉಳಿಯಬೇಕು!

"ಬಾಲನಿಗೆ ಫೋನ್ ಮಾಡಿ. ಅವನ ಮೊಳೆ ಚಪ್ಪಲಿ ಉಂಟಲ್ಲ," ಎಂದಳು ಮೂಗು ಒರೆಸುತ್ತಾ.

"ಇರುವೆ ಓಡಿಸಲು ಕೋಳಿಕ್ಕೋಡಿನ ಪರಿಣತ ಬೇಕೇ? ನಾನಿಲ್ಲವೇ?"

ಇದ್ದೆ. ಅದೇ ತೊಂದರೆಯಾದದ್ದು.

ನನ್ನ ಮೊದಲ ಯೋಜನೆ ಬೆಲ್ಲ. ಹೊಸ್ತಿಲಿನ ಹೊರಗೆ ಬೆಲ್ಲ ಇಟ್ಟರೆ ಇರುವೆಗಳು ಗೋಡೆ ಹಿಡಿದು ಸುತ್ತಿ ಹೊರಗೆ ಬರುತ್ತವೆ ಎಂದು ಲೆಕ್ಕ. ಬಂದವು! ಅವಲ್ಲ, ಅಂಗಳದ ಇರುವೆಗಳು. ಇಷ್ಟು ವರ್ಷ ನಮ್ಮ ಮನೆಯ ಕಡೆ ತಲೆ ಹಾಕದ ಒಂದು ಹೊಸ ಕುಲವೇ ಮೆಟ್ಟಿಲು ಹತ್ತಿ ಬಂದು, ಬೆಲ್ಲ ತಿಂದು, ಒಳಗೆ ಇನ್ನೂ ಏನಿದೆ ಎಂದು ಹೊಸ್ತಿಲಿನಿಂದ ಇಣುಕತೊಡಗಿತು.

ಎರಡನೆಯ ಯೋಜನೆ ಅರಿಶಿನ. ಅರಿಶಿನದ ಗೆರೆಯನ್ನು ಇರುವೆ ದಾಟುವುದಿಲ್ಲವಲ್ಲ. ಹೊಸ್ತಿಲಿನ ಉದ್ದಕ್ಕೂ ದಪ್ಪನೆಯ ಗೆರೆ ಎಳೆದೆ. ಹೊಸ ಕುಲ ನಿಂತಿತು. ಭೇಷ್! ಈಗ ಒಳಗಿನವನ್ನು ಗಾಳಿಯಿಂದ ಹಿಂದಕ್ಕೆ ತಳ್ಳಿದರೆ ಆಯಿತು ಎಂದು ಸ್ಟ್ಯಾಂಡ್ ಫ್ಯಾನನ್ನು ಬಾಗಿಲಿಗೆ ತಂದು ಐದರಲ್ಲಿ ಇಟ್ಟೆ.

ಅರಿಶಿನ ಮುಂದೆ, ಫ್ಯಾನು ಹಿಂದೆ. ಇಷ್ಟು ಹೇಳಿದರೆ ನಿಮಗೆ ಉಳಿದದ್ದು ತಿಳಿಯುತ್ತದೆ. ಕಾಫಿ ಹೂವಿನ ಬಿಳಿಯ ಮೇಲೆ ಹಳದಿ ಮೋಡ ಎದ್ದು, ಮೆಲ್ಲನೆ, ಅತಿ ಮೆಲ್ಲನೆ ಇಳಿಯಿತು. ಇಳಿದದ್ದು ಅಲ್ಲೇ ಕೂತಿತು.

"ಫ್ಯಾನ್ ಆಫ್ ಮಾಡೀ!" ಎಂದು ವಿಮಲ ಕಿರುಚಿದಳು. "ಇನ್ನು ಏನೂ ಮಾಡ್ಬೇಡಿ. ಕೈ ಮುಗೀತೀನಿ, ಸುಮ್ಮನೆ ಕೂತ್ಕೊಳ್ಳಿ!"

ಆದರೆ ನನ್ನೊಳಗಿನ ವೀರ ಎದ್ದುಬಿಟ್ಟಿದ್ದ. ನೆಲ ಮುಟ್ಟದೆ ನೆಲದ ಮೇಲೆ ಹೋಗಬೇಕು. ಅಂದರೆ ಸೇತುವೆ! ನನ್ನ ಕಣ್ಣು ಜಗಲಿಗೆ ಒರಗಿದ್ದ ಮೆಣಸಿನ ಏಣಿಯ ಮೇಲೆ ಬಿತ್ತು.

ನಮ್ಮ ಕಡೆ ಮೆಣಸು ಕೊಯ್ಯುವ ಏಣಿ ಎಂದರೆ ಒಂಟಿ ಬಿದಿರು. ಗೆಣ್ಣಿಗೊಂದರಂತೆ ಕಾಲಿಡಲು ಗೂಟ. ಮರಕ್ಕೆ ಒರಗಿಸಿ, ತುದಿಗೆ ಹಗ್ಗ ಬಿಗಿದು ಹತ್ತುವುದು. ನಲವತ್ತು ವರ್ಷದಿಂದ ಹತ್ತಿದ್ದೇನೆ. ಒಂದು ದಿನವೂ ಬಿದ್ದವನಲ್ಲ ಎಂಬುದು ನನ್ನ ಬಿರುದುಗಳಲ್ಲಿ ಒಂದು.

ಮನೆ ಸುತ್ತಿ ಹೋಗಿ ಬಿದಿರಿನ ತೆಳು ತುದಿಯನ್ನು ಪೂರ್ವದ ಕಿಟಕಿಯ ಸರಳುಗಳ ನಡುವೆ ಸಿಕ್ಕಿಸಿದೆ. ದಪ್ಪ ತುದಿ ಈಚೆ ಹೊಸ್ತಿಲಿನ ಹೊರಗೆ, ಸ್ಟೂಲಿನ ಮೇಲೆ. ನಡುವೆ ಹಾಲಿನ ಕೆರೆ, ಈಗ ಅರಿಶಿನದ ಹಾಲು.

"ಅದು ನಿಲ್ಲಿಸುವ ಏಣಿ," ಎಂದಳು ವಿಮಲ. "ಮಲಗಿಸುವ ಏಣಿ ಅಲ್ಲ. ತಿರುಗ್ತದೆ."

"ಏಣಿಯ ವಿಷಯ ನನಗೆ ಹೇಳಬೇಡ!"

ಹೇಳುವುದನ್ನು ಬಿಟ್ಟು ಅವಳು ಕೈಗೆ ಒಂದು ನವಿಲುಗರಿ ಕೊಟ್ಟಳು, ಅದರ ಮೆತ್ತನೆಯ ತುದಿಯಿಂದ ಎತ್ತಿದರೆ ಇರುವೆಗೆ ನೋವಾಗುವುದಿಲ್ಲವೆಂದು. ಎತ್ತಿದವನ್ನು ಇಡಲು ತೆಂಗಿನ ಚಿಪ್ಪಿಗೆ ದಾರ ಕಟ್ಟಿ, ಒಳಗೆ ಚೂರು ಬೆಲ್ಲ ಹಾಕಿ, ಕೊರಳಿಗೆ ನೇತುಹಾಕಿದಳು. ತಾನೊಂದು ಗರಿ ಹಿಡಿದು ಕಿಟಕಿಯ ಹೊರಗೆ ಹೋದಳು. ನಾನು ಪಂಚೆ ಎತ್ತಿ ಕಟ್ಟಿ, ಅಂಗಿ ಬಿಚ್ಚಿ, ಬಿದಿರನ್ನು ತಬ್ಬಿಕೊಂಡು ಹೊಟ್ಟೆಯ ಮೇಲೆ ತೆವಳಿದೆ.

ಹೆಮ್ಮೆಯಿಂದ ಹೇಳುತ್ತೇನೆ, ಮೊದಲ ಹತ್ತು ನಿಮಿಷ ನಾನು ಅದ್ಭುತವಾಗಿದ್ದೆ! ಚಾವಡಿಯ ನಡುವಿನ ತನಕ ಹೋದೆ. ಬಗ್ಗಿ, ಗರಿಯ ತುದಿ ಚಾಚಿ, ಒಂದೊಂದೇ ಇರುವೆಯನ್ನು ಬಿಡಿಸಿ ಚಿಪ್ಪಿಗೆ ಹಾಕಿದೆ. ಒಂದು... ಎರಡು... ಐದು... ಎಣಿಕೆಯನ್ನು ಜೋರಾಗಿ ಕೂಗುತ್ತಿದ್ದೆ. "ಹತ್ತು!" ಕಿಟಕಿಯಾಚೆ ವಿಮಲನ ಮುಖದಲ್ಲಿ ಬಹಳ ವರ್ಷಗಳಿಂದ ಕಾಣದ ಒಂದು ಮೆಚ್ಚುಗೆ ಕಂಡಿತು. "ಹನ್ನೊಂದು!" ಎಂದು ಕೂಗಿ ಅವಳ ಕಡೆ ನೋಡಿ ನಕ್ಕೆ.

ನಕ್ಕದ್ದೇ ತಪ್ಪಾಯಿತು. ಬಿದಿರು ತಿರುಗಿತು. ಮೇಲಿದ್ದ ನಾನು ಕೆಳಗಾದೆ, ಬಾವಲಿಯ ಹಾಗೆ ಒಂದು ಕ್ಷಣ ನೇತಾಡಿದೆ. ಬಿದಿರಿಗೆ ಅದೂ ಸಾಲದೆ ಇನ್ನರ್ಧ ಸುತ್ತು ತಿರುಗಿ, ನನ್ನನ್ನು ಬೋರಲು ಮಾಡಿ ಕೈಬಿಟ್ಟಿತು.

ಪಚಕ್!

ಮುಖ, ಮೀಸೆ, ಎದೆ, ಹೊಟ್ಟೆ, ಮೊಣಕಾಲು, ಚಾಚಿದ ಎರಡು ಕೈ! ಎಲ್ಲವೂ ಒಟ್ಟಿಗೆ ಇಳಿದವು. ನೋವಾಗಲಿಲ್ಲ. ಆ ಹೊತ್ತಿಗೆ ನೆಲ ಹಲ್ವದ ಹದಕ್ಕೆ ಬಂದಿತ್ತು. ಪುಣ್ಯಕ್ಕೆ ನಡುವೆ ಸಿಕ್ಕಿದ್ದವು ಆ ಹನ್ನೊಂದೇ ಇರುವೆ, ಅವು ಬೆಲ್ಲ ಕಚ್ಚಿಕೊಂಡು ಚಿಪ್ಪಿನೊಡನೆ ಬಿದಿರಿನ ಗೂಟಕ್ಕೆ ಸಿಕ್ಕಿ ಮೇಲೆಯೇ ಉಳಿದಿದ್ದವು. ಏಳಲು ನೋಡಿದರೆ ನೆಲ ನನ್ನನ್ನು ಬಿಡಲೊಲ್ಲದು. ಬಿದಿರನ್ನು ಹಿಡಿದು ಜೋತು, ಚರಚರನೆ ನನ್ನನ್ನು ನಾನೇ ಸುಲಿದುಕೊಂಡು ಎದ್ದೆ. ಬಿದಿರು ಬಿಟ್ಟರೆ ಮತ್ತೆ ಬೀಳುತ್ತೇನೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಹಿಂದೆ ಏಳು ಹೆಜ್ಜೆ ಇಟ್ಟು ಹೊಸ್ತಿಲಿಗೆ ಬಂದೆ.

ಅಷ್ಟರಲ್ಲಿ ವಿಮಲ ಏನು ಮಾಡಿದ್ದಳು ಗೊತ್ತೇ? ಕಿಟಕಿಯ ಹೊರಗಿನಿಂದ ಒಂದು ಬಾಳೆಪಟ್ಟೆಯನ್ನು ಸರಳಿನ ನಡುವೆ ಇಳಿಸಿ ಬಿರುಕಿನ ಬಾಯಿಗೆ ತಾಗಿಸಿದ್ದಳು. ಬಿರುಕಿನಿಂದ ಬಂದ ಇರುವೆಗಳೆಲ್ಲ ಶಾಲೆಯ ಮಕ್ಕಳಂತೆ ಸಾಲಾಗಿ ಪಟ್ಟೆ ಹತ್ತಿ ಹೊರಗೆ ಹೋಗುತ್ತಿದ್ದವು. ಕಿಟಕಿಯ ಹತ್ತಿರ ಅಂಟಿಕೊಂಡಿದ್ದವನ್ನು ಅವಳೇ ಗರಿಯನ್ನು ಕೋಲಿಗೆ ಕಟ್ಟಿ ಒಂದೂ ಬಿಡದೆ ಬಿಡಿಸಿದ್ದಳು. ಇದಕ್ಕೆಲ್ಲ ಅವಳಿಗೆ ಹಿಡಿದದ್ದು ಕಾಲು ಗಂಟೆ.

ನನ್ನನ್ನು ಬಿಡಿಸಲು ಎರಡು ಗಂಟೆ ಹಿಡಿಯಿತು. ತೆಂಗಿನೆಣ್ಣೆ, ಸೀಗೆಪುಡಿ, ತೆಂಗಿನ ನಾರು, ಕೊನೆಗೆ ಕತ್ತರಿ. ಎಡಮೀಸೆ ಕತ್ತರಿಗೆ ಹೋಯಿತು. ಬಲಮೀಸೆ ಅದಾಗಲೇ ನೆಲದಲ್ಲಿ ಇತ್ತು. ಮೈ ತೊಳೆದು ತಟ್ಟೆಯ ಮುಂದೆ ಬರುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಹಸಿದ ಹೊಟ್ಟೆಯಲ್ಲಿ ಮಲಗಿದೆ.

ಮರುದಿನ ಬಾಲನ್ ಬಂದು ಹೊಸ್ತಿಲಿನಲ್ಲಿ ನಿಂತವನು ತಲೆಯ ಮೇಲೆ ಕೈ ಇಟ್ಟ. ಆಮೇಲೆ ಕೇಳಿದ. "ಸಾರೇ, ಇದು ಆರು?"

"ಯಾರೆಂದರೆ? ನಾನೇ!"

ಅವನು ನೆಲ ನೋಡಿದ, ನನ್ನ ಬೋಳು ಮೇಲ್ತುಟಿ ನೋಡಿದ, ನೆಲದಲ್ಲಿದ್ದ ಮೀಸೆ ನೋಡಿದ. ಲೆಕ್ಕ ಸರಿಹೋಯಿತು.

"ಒರೆಸಿದರೆ ಹೋಗುತ್ತದಾ ಬಾಲಾ?"

"ಎಲ್ಲಿ ಹೋಗ್ತದೆ! ಅರೆದು ತೆಗೆದು ಬೇರೆಯೇ ಹಾಕ್ಬೇಕು. ಒಂದು ವಾರ ಬೇಕು. ತೇಪೆ ಹಾಕಿದ್ರೆ ಇನ್ನೂ ಚೀತ್ತ, ನೋಡ್ಲಿಕ್ಕಾಗಲ್ಲ." ಮತ್ತೆ ಕುಕ್ಕರಗಾಲಲ್ಲಿ ಕುಳಿತು ನನ್ನ ಮೂಗಿನ ಗುರುತಿಗೆ ಬೆರಳಿನಿಂದ ಟಕಟಕ ಬಡಿದು, ಹೆಮ್ಮೆಯಿಂದ ತಲೆಯೆತ್ತಿದ. "ಆದ್ರೆ ಕೆಲಸ ಗಟ್ಟಿ ಉಂಟು ಸಾರೇ! ಇಪ್ಪತ್ತು ವರ್ಷ ನಿಮ್ಮ ಮೂಗಿಗೆ ಏನೂ ಆಗೋದಿಲ್ಲ!"

ಉದ್ಯಾಪನೆಗೆ ಮೂರೇ ದಿನ. ಬೇರೆ ದಾರಿಯಿಲ್ಲದೆ ಸೋತವನ ಹಾಸಿಗೆಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಚಾವಡಿ ತುಂಬ ಹಾಸಿದೆ. ವಿಮಲನ ಹತ್ತಿರ ಗುಟ್ಟಾಗಿ ಕೇಳಿಕೊಂಡೆ. "ಯಾರಿಗೂ ಹೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ."

"ನೀವು ಎಲ್ಲಿಯೂ ಬೀಳ್ಬೇಡಿ," ಎಂದಳು. "ನಾನಾಗಿ ಹೇಳಲ್ಲ. ಆದ್ರೆ ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ ಸುಳ್ಳು ಹೇಳಲ್ಲ. ನೋಂಪಿ ಮುಗಿಸುವ ದಿನ."

ಆ ದಿನ ಬಂತು. ಪೂಜೆ ಸಾಂಗವಾಗಿ ಮುಗಿಯಿತು. ಅರುವತ್ತು ಜನ ಚಾವಡಿಗೆ ಬಂದರು. ನಾನು ನಗುನಗುತ್ತಾ ಸರಿಯಾಗಿ ಗುರುತಿನ ಮೇಲಿನ ಚಾಪೆಯನ್ನು ಒತ್ತಿ ನಿಂತಿದ್ದೆ. ಶ್ಯಾಮಳತ್ತೆ ಕೋಲೂರಿಕೊಂಡು ನನ್ನ ಮುಂದೆಯೇ ಬಂದು ನಿಂತರು.

"ಚಾಪೆ ಹಾಸಲ್ಲ ಅಂದಿದ್ದೆಯಲ್ಲ ದೇವೇಂದ್ರಾ. ಎಲ್ಲಿ ನಿನ್ನ ನೆಲ?"

"ಅತ್ತೆ, ಚಳಿ... ನಿಮ್ಮ ಮೊಣಕಾಲು ನೋವು..."

"ಮಾರ್ಚ್ ತಿಂಗಳಲ್ಲಿ ಎಂಥ ಚಳಿ? ರಾಜೇಶಾ, ಎತ್ತಪ್ಪ ಚಾಪೆ!"

ಎತ್ತುವುದಕ್ಕೆ ರಾಜೇಶನಿಗೆ ಎರಡು ಸಲ ಹೇಳಬೇಕೇ? ಸರ್ರನೆ ಎಳೆದ. ನಾನು ಕಣ್ಣು ಮುಚ್ಚಿದೆ.

"ಅಯ್ಯೋ ನನ್ನಪ್ಪಾ!" ಎಂದು ಶ್ಯಾಮಳತ್ತೆಯ ಸ್ವರ ಕೇಳಿತು. ಆದರೆ ಅದರಲ್ಲಿ ಸಿಟ್ಟಿರಲಿಲ್ಲ, ನಡುಕವಿತ್ತು. "ಸಾಷ್ಟಾಂಗ! ಸ್ವಾಮಿಯ ಪಟದ ಕಡೆಗೇ ತಲೆ! ನೋಡ್ರೇ, ಕೈ ಚಾಚಿದ್ದು ನೋಡಿ, ಮೂಗು ಸಹ ನೆಲಕ್ಕೆ ಮುಟ್ಟಿಸಿದ್ದಾನೆ! ಮೇಲೆ ಅರಿಶಿನ ಪೂಜೆ ಬೇರೆ!"

ನಾನು ಒಂದು ಕಣ್ಣು ತೆರೆದೆ.

"ಹೆಜ್ಜೆ ನೋಡಿ," ಎಂದರು ಇನ್ನೊಬ್ಬರು. "ಬೆರಳೆಲ್ಲ ಪಟದ ಕಡೆಗೇ ಉಂಟು. ಸ್ವಾಮಿಗೆ ಬೆನ್ನು ತೋರಿಸದೆ ಹಿಂದಕ್ಕೆ ಸರಿದಿದ್ದಾನೆ!"

"ಮೀಸೆಯನ್ನೂ ಒಪ್ಪಿಸಿಬಿಟ್ಟಿದ್ದಾನೆ!" ಎಂದರು ಮತ್ತೊಬ್ಬರು.

ನಾನು ಎರಡನೆಯ ಕಣ್ಣನ್ನೂ ತೆರೆದು, ಕೈ ಜೋಡಿಸಿ, ತಲೆ ತುಸು ಬಾಗಿಸಿ ನಿಂತೆ. ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ, ಅಷ್ಟೆ. ಜನ ಒಬ್ಬೊಬ್ಬರಾಗಿ ಬಂದು ನನ್ನ ಗುರುತಿಗೆ ಕೈ ಮುಗಿದರು. ರಾಜೇಶನ ಟೈಲ್ಸ್ ಈ ಜನ್ಮದಲ್ಲಿ ಇಂಥ ಮರ್ಯಾದೆ ಕಂಡೀತೇ? ಅವನ ಮುಖ ಹುಳಿಮಾವು ಕಚ್ಚಿದ ಹಾಗಿತ್ತು. ಶ್ಯಾಮಳತ್ತೆ ನನ್ನನ್ನು ಸಾಲಿನ ಮೊದಲಲ್ಲಿ ಕೂರಿಸಿ, "ಇವನಿಗೆ ಮೊದಲು ಬಡಿಸಿ, ಮೂರು ಹೋಳಿಗೆ ಹಾಕಿ," ಎಂದು ಅಪ್ಪಣೆ ಮಾಡಿದರು. ಹೋಳಿಗೆ ಬಡಿಸಲು ಬಗ್ಗಿದ ವಿಮಲ ನನ್ನ ಕಿವಿಯಲ್ಲಿ, "ನನ್ನನ್ನು ಯಾರೂ ಕೇಳಲಿಲ್ಲ, ನಿಮ್ಮ ಪುಣ್ಯ," ಎಂದಳು.